ನಕ್ಷತ್ರಗಳ ಒಳಹರಿವು

ಕೆಸರೆ ಮೂರನೇ ಹಂತದ ಒಂದು ಮನೆಯ ತಾರಸಿ. ಕಾರ್ತಿಕದ ರಾತ್ರಿ. ಮಾತನಾಡುವವರು ಇಬ್ಬರು. ಒಬ್ಬರು ಆಕಾಶವಾಣಿಯಲ್ಲಿ ಟ್ರಾನ್ಸ್‌ಮಿಟರ್ ನೋಡಿಕೊಂಡು ನಿವೃತ್ತರಾದ ಎಂಜಿನಿಯರ್. ಇನ್ನೊಬ್ಬಳು ಅವರ ತಮ್ಮನ ಮಗಳು, ಸುರುಳಿ ಗೆಲಾಕ್ಸಿಗಳ ಅನಿಲದ ಮೇಲೆ ಸಂಶೋಧನೆ ಮಾಡುತ್ತಿರುವವಳು.

— ರಿಂಗ್ ರೋಡಿನ ದೀಪ ಬಂದಮೇಲೆ ಇಲ್ಲಿಂದ ಏನೂ ಕಾಣೋದಿಲ್ಲ ಕಣಮ್ಮ. ನಿನ್ನ ದೇವಯಾನಿ ಗೆಲಾಕ್ಸಿ ಎಲ್ಲಿದೆ ತೋರಿಸು ನೋಡೋಣ.

— ಉತ್ತರಕ್ಕೆ ತಿರುಗಿ ದೊಡ್ಡಪ್ಪ. ಆ ನೀರಿನ ಟ್ಯಾಂಕಿನ ನೇರಕ್ಕೆ, ಇನ್ನೂ ಮೇಲೆ. ಈ ಬೆಳಕಿನಲ್ಲಿ ಬರಿಗಣ್ಣಿಗೆ ಸಿಗೋದಿಲ್ಲ. 25 ಲಕ್ಷ ಜ್ಯೋತಿರ್ವರ್ಷ ದೂರ. ಆದರೆ ನನಗೆ ಬೇಕಾಗಿರೋದು ಅದರ ನಕ್ಷತ್ರಗಳ ಬೆಳಕಲ್ಲ. ನಕ್ಷತ್ರಗಳ ನಡುವೆ ಇರೋ ಜಲಜನಕ. ಅದಕ್ಕೆ ಬೀದಿದೀಪ ಅಡ್ಡಿ ಮಾಡೋದಿಲ್ಲ.

— ಅದೇ ನನಗೆ ಅರ್ಥವಾಗದ್ದು. ಗೆಲಾಕ್ಸಿ ಅಂದರೆ ನಕ್ಷತ್ರಗಳು. ಅವನ್ನು ಬಿಟ್ಟು ಅನಿಲ ಅಳೆಯೋದು ಯಾಕೆ?

— ನಕ್ಷತ್ರಗಳು ಗೆಲಾಕ್ಸಿ ಇಲ್ಲಿವರೆಗೆ ಏನು ಮಾಡಿತು ಅಂತ ಹೇಳುತ್ತವೆ. ಮುಂದೆ ಏನು ಮಾಡುತ್ತೆ ಅಂತ ಹೇಳೋದು ಅನಿಲ. ಹೊಸ ನಕ್ಷತ್ರ ಹುಟ್ಟಬೇಕಾದರೆ ಜಲಜನಕ ಬೇಕು. ಅದು ಖಾಲಿಯಾದರೆ ಗೆಲಾಕ್ಸಿಯಲ್ಲಿ ಹೊಸ ಹುಟ್ಟು ನಿಲ್ಲುತ್ತೆ. ನೀಲಿ ನಕ್ಷತ್ರಗಳು ಬೇಗ ಸಾಯುತ್ತವೆ, ಉಳಿಯೋದು ಹಳೆಯ ಕೆಂಪು ನಕ್ಷತ್ರಗಳು. ಸುರುಳಿ ತೋಳುಗಳು ಮಾಸಿಹೋಗುತ್ತವೆ. ಒಂದು ಗೆಲಾಕ್ಸಿಗೆ ಇನ್ನೆಷ್ಟು ಬದುಕು ಇದೆ ಅಂತ ತಿಳಿಯಬೇಕಾದರೆ ಅದರ ಜಲಜನಕದ ಲೆಕ್ಕ ಹಾಕಲೇಬೇಕು.

— ಆ ಜಲಜನಕ ರೇಡಿಯೋದಲ್ಲಿ ಮಾತಾಡುತ್ತೆ, ಸರಿ. ಯಾವ ಫ್ರೀಕ್ವೆನ್ಸಿ?

— 1420.4 ಮೆಗಾಹರ್ಟ್ಸ್. ಅಲೆಯ ಉದ್ದ 21 ಸೆಂಟಿಮೀಟರ್.

— ನಮ್ಮ ಮೈಸೂರು ಎಫ್‌.ಎಂ. 100.6. ಅಂದರೆ ಸುಮಾರು 14 ಪಟ್ಟು ಮೇಲೆ. ನಮ್ಮ ಅಲೆ ಮೂರು ಮೀಟರ್ ಉದ್ದ, ನಿಮ್ಮದು ಒಂದು ಗೇಣು. ನಮಗಾದರೆ ಟ್ರಾನ್ಸ್‌ಮಿಟರ್ ಇತ್ತು, ಅಲ್ಲಿ ಯಾರು ಪ್ರಸಾರ ಮಾಡುತ್ತಾರೆ?

— ಒಂದೊಂದು ಪರಮಾಣುವೂ. ಜಲಜನಕದ ಪರಮಾಣುವಿನಲ್ಲಿ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಎರಡಕ್ಕೂ ಸ್ಪಿನ್ ಅನ್ನೋ ಗುಣ ಇದೆ. ಎರಡರ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಪರಮಾಣುವಿನ ಶಕ್ತಿ ಕೂದಲೆಳೆಯಷ್ಟು ಹೆಚ್ಚು. ಎಲೆಕ್ಟ್ರಾನಿನ ಸ್ಪಿನ್ ತಿರುವು ಮುರುವಾದಾಗ ಆ ಹೆಚ್ಚಿನ ಶಕ್ತಿ 21 ಸೆಂಟಿಮೀಟರ್ ಅಲೆಯಾಗಿ ಹೊರಬೀಳುತ್ತೆ. ಒಂಟಿ ಪರಮಾಣುವನ್ನು ಅದರ ಪಾಡಿಗೆ ಬಿಟ್ಟರೆ ಹೀಗೆ ಆಗೋದಕ್ಕೆ ಸರಾಸರಿ 1 ಕೋಟಿ 10 ಲಕ್ಷ ವರ್ಷ ಬೇಕು.

— ಅಷ್ಟು ವರ್ಷಕ್ಕೊಮ್ಮೆ ಒಂದು ಸದ್ದು! ಅದನ್ನು ಹಿಡಿಯೋದು ಹೇಗಮ್ಮ?

— ಪರಮಾಣುಗಳ ಸಂಖ್ಯೆ ನೆನಪಿಡಿ. ಗೆಲಾಕ್ಸಿಯ ತಟ್ಟೆಯಲ್ಲಿ ಒಂದು ಘನ ಸೆಂಟಿಮೀಟರಿಗೆ ಸುಮಾರು ಒಂದೇ ಪರಮಾಣು. ನಮ್ಮ ಸಾಮಾನ್ಯ ಲ್ಯಾಬುಗಳಲ್ಲಿ ಅಷ್ಟು ಖಾಲಿ ಜಾಗ ಮಾಡೋದಕ್ಕೆ ಆಗೋದಿಲ್ಲ. ಆದರೆ ಆ ತಟ್ಟೆ ಒಂದು ಲಕ್ಷ ಜ್ಯೋತಿರ್ವರ್ಷ ಅಗಲ. ನಮ್ಮ ಆಕಾಶಗಂಗೆಯ ಪರಮಾಣು ಜಲಜನಕವನ್ನೆಲ್ಲ ಒಟ್ಟುಮಾಡಿದರೆ ಸುಮಾರು 800 ಕೋಟಿ ಸೂರ್ಯರ ತೂಕ. ಅಷ್ಟು ಪರಮಾಣುಗಳಲ್ಲಿ ಪ್ರತಿ ಕ್ಷಣವೂ ಎಷ್ಟೋ ಕಡೆ ಸ್ಪಿನ್ ತಿರುಗುತ್ತಲೇ ಇರುತ್ತೆ. ಹಾಗಾಗಿ ಸಿಗ್ನಲ್ ನಿಲ್ಲೋದೇ ಇಲ್ಲ. ಮತ್ತೆ, ನಡುವೆ ಎಷ್ಟು ಧೂಳಿದ್ದರೂ ಈ ಅಲೆ ದಾಟಿ ಬರುತ್ತೆ, ಬೆಳಕಿಗೆ ಅದು ಆಗೋದಿಲ್ಲ.

— ಮೊದಲು ಯಾರು ಕೇಳಿಸಿಕೊಂಡರು?

— ಲೆಕ್ಕ ಮೊದಲು ಬಂತು, ಸಿಗ್ನಲ್ ಆಮೇಲೆ. 1944ರಲ್ಲಿ ನೆದರ್ಲೆಂಡ್ಸ್ ಜರ್ಮನಿಯ ವಶದಲ್ಲಿತ್ತು. ಅಂಥ ಕಾಲದಲ್ಲಿ ವ್ಯಾನ್ ಡೆ ಹುಲ್ಸ್ಟ್ ಅನ್ನೋ ಹುಡುಗ, ಹಿರಿಯ ಖಗೋಳಜ್ಞ ಯಾನ್ ಓರ್ಟ್ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಾ, ಇಂಥ ಅಲೆ ಬರಬೇಕು ಅಂತ ಹೇಳಿದ. ಏಳು ವರ್ಷದ ಮೇಲೆ, 1951ರ ಮಾರ್ಚ್ 25ರಂದು, ಹಾರ್ವರ್ಡ್‌ನಲ್ಲಿ ಹೆರಾಲ್ಡ್ ಯುವೆನ್ ಮತ್ತು ಎಡ್ವರ್ಡ್ ಪರ್ಸೆಲ್ ಅದನ್ನು ಹಿಡಿದರು. ಯುವೆನ್ ಆಗ ವಿದ್ಯಾರ್ಥಿ. ಪ್ಲೈವುಡ್ಡಿನ ಹಾರ್ನ್ ಆಂಟೆನಾ ಮಾಡಿ, ಒಳಗೆ ತಾಮ್ರದ ಹಾಳೆ ಹೊದಿಸಿ, ಭೌತಶಾಸ್ತ್ರ ವಿಭಾಗದ ಕಿಟಕಿಯಿಂದ ಹೊರಗೆ ಚಾಚಿದ್ದ. ಮಳೆ ಬಂದರೆ ಆ ಹಾರ್ನ್ ನೀರನ್ನೆಲ್ಲ ಕೊಠಡಿಯೊಳಕ್ಕೇ ತಂದು ಸುರಿಯುತ್ತಿತ್ತಂತೆ. ಕೆಲವೇ ವಾರಗಳಲ್ಲಿ ಡಚ್ಚರೂ, ಆಮೇಲೆ ಆಸ್ಟ್ರೇಲಿಯಾದವರೂ ಅದನ್ನೇ ಕೇಳಿ ಖಚಿತಪಡಿಸಿದರು.

— ರಿಸೀವರ್ ಚೆನ್ನಾಗಿದ್ದರೆ ಪ್ಲೈವುಡ್ಡೂ ಸಾಕು ಅಂತ ನಾನು ಹೊಸ ಹುಡುಗರಿಗೆ ಹೇಳುತ್ತಲೇ ಇದ್ದೆ. ನಮ್ಮವರು ಯಾರಾದರೂ ಇದ್ದಾರಾ ಈ ಕೆಲಸದಲ್ಲಿ?

— ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರೇ ಇದ್ದಾರೆ. ವಿ. ರಾಧಾಕೃಷ್ಣನ್. ಸಿ.ವಿ. ರಾಮನ್ ಅವರ ಮಗ ಅನ್ನೋದನ್ನು ಪಕ್ಕಕ್ಕಿಡಿ, ಅವರದೇ ಕೆಲಸ ನೋಡಿ. ಬಿ.ಎಸ್ಸಿ. ಆನರ್ಸ್ ಮುಗಿಸಿ ಸ್ವೀಡನ್, ಅಮೆರಿಕ, ಆಸ್ಟ್ರೇಲಿಯಾ ಅಂತ ಹೋದರು. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ಅವರೂ ಜೊತೆಗಾರರೂ ಇದೇ 21 ಸೆಂಟಿಮೀಟರ್ ರೇಖೆಯ ದೊಡ್ಡ ಸಮೀಕ್ಷೆ ಮಾಡಿ 1972ರಲ್ಲಿ ಪ್ರಕಟಿಸಿದರು. ಹಿಂದೆ ಒಂದು ಪ್ರಬಲ ರೇಡಿಯೋ ಮೂಲ ಇದ್ದರೆ, ಮುಂದಿರೋ ತಣ್ಣನೆಯ ಜಲಜನಕ ಅದರ ಅಲೆಯನ್ನು ಹೀರಿಕೊಳ್ಳುತ್ತೆ. ಬಿಸಿ ಜಲಜನಕ ಅಷ್ಟಾಗಿ ಹೀರೋದಿಲ್ಲ. ಹಾಗೆ ನೋಡಿದಾಗ ಗೆಲಾಕ್ಸಿಯಲ್ಲಿ ಎರಡು ತರದ ಜಲಜನಕ ಇರೋದು ಸ್ಪಷ್ಟವಾಯಿತು. ಒಂದು, ಸೊನ್ನೆಗಿಂತ 170 ಡಿಗ್ರಿಗೂ ಕೆಳಗಿರೋ ತಣ್ಣನೆಯ ಮೋಡಗಳು. ಇನ್ನೊಂದು, ಸಾವಿರಾರು ಡಿಗ್ರಿ ಬಿಸಿಯ, ತೆಳುವಾಗಿ ಹರಡಿಕೊಂಡ ಅನಿಲ. ನಕ್ಷತ್ರ ಆಗೋ ದಾರಿಯಲ್ಲಿರೋದು ತಣ್ಣನೆಯದು ಮಾತ್ರ. ಅದೇ ವರ್ಷ ಅವರು ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 1994ರವರೆಗೆ ಇದ್ದರು. ಕರ್ನಾಟಕದಲ್ಲಿ ರೇಡಿಯೋ ಖಗೋಳ ಬೇರುಬಿಟ್ಟಿದ್ದು ಹೆಚ್ಚಾಗಿ ಅವರಿಂದ.

ಇಲ್ಲಿ ಬರೆಯುವವನ ಒಂದು ಮಾತು. ರಾಕೆಟ್ಟಿನ ಬಗ್ಗೆ, ಕಪ್ಪುಕುಳಿಯ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬಂದಿದೆ. ವಿಶ್ವದ ಮೂಲವಸ್ತುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಜಲಜನಕದ ಬಗ್ಗೆ, ಅದನ್ನು ಅಳೆದ ನಮ್ಮದೇ ನೆಲದವರ ಬಗ್ಗೆ ಬಂದಿರುವುದು ತೀರಾ ಕಡಿಮೆ. ರಾಧಾಕೃಷ್ಣನ್ ಅವರ ಹೆಸರು ನಮ್ಮ ವಿಜ್ಞಾನದ ಮಕ್ಕಳ ಬಾಯಲ್ಲಿ ಇರಬೇಕಿತ್ತು.

— ಆ ಲ್ಯಾಪ್‌ಟಾಪಿನಲ್ಲಿ ಏನದು, ಎರಡು ಕೊಂಬಿನ ಗ್ರಾಫು?

— ಒಂದು ಸುರುಳಿ ಗೆಲಾಕ್ಸಿಯ ಇಡೀ ಸಿಗ್ನಲ್ ಇದು. ಅಡ್ಡಸಾಲಿನಲ್ಲಿ ಫ್ರೀಕ್ವೆನ್ಸಿ, ಉದ್ದಸಾಲಿನಲ್ಲಿ ಸಿಗ್ನಲಿನ ಬಲ. ನೋಡಿ, ಎಡಕ್ಕೊಂದು ಏರು, ಬಲಕ್ಕೊಂದು ಏರು, ನಡುವೆ ತಗ್ಗು.

— ಒಂದೇ ಫ್ರೀಕ್ವೆನ್ಸಿ ಅಂದೆಯಲ್ಲ, ಇಷ್ಟು ಅಗಲ ಯಾಕೆ? ಇದು ಎಷ್ಟು ಬ್ಯಾಂಡ್‌ವಿಡ್ತ್?

— ಸುಮಾರು 1.9 ಮೆಗಾಹರ್ಟ್ಸ್.

— ಅಬ್ಬಾ, ಅಷ್ಟರಲ್ಲಿ ಒಂಬತ್ತು ಎಫ್‌.ಎಂ. ಸ್ಟೇಷನ್ ಕೂರಿಸಬಹುದು!

— ಗೆಲಾಕ್ಸಿ ತಿರುಗುತ್ತಿದೆಯಲ್ಲ, ಅದಕ್ಕೆ. ಒಂದು ಬದಿಯ ಅನಿಲ ನಮ್ಮ ಕಡೆ ಬರುತ್ತಿದೆ, ಅದರ ಫ್ರೀಕ್ವೆನ್ಸಿ ಏರುತ್ತೆ. ಇನ್ನೊಂದು ಬದಿ ದೂರ ಹೋಗುತ್ತಿದೆ, ಇಳಿಯುತ್ತೆ. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗ ಅಂದರೆ 4.7 ಕಿಲೋಹರ್ಟ್ಸ್ ವ್ಯತ್ಯಾಸ. 1.9 ಮೆಗಾಹರ್ಟ್ಸ್ ಅಗಲ ಅಂದರೆ ಈ ತುದಿಯಿಂದ ಆ ತುದಿಗೆ ಸೆಕೆಂಡಿಗೆ 400 ಕಿಲೋಮೀಟರ್. ಅಂದರೆ ಗೆಲಾಕ್ಸಿಯ ಅನಿಲ 200 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ.

— ಅದು ಸರಿ. ಕೊಂಬು ಯಾಕೆ? ನಡುವೆಯೇ ಎತ್ತರ ಇರಬೇಕಿತ್ತಲ್ಲ?

— ಒಳ್ಳೆಯ ಪ್ರಶ್ನೆ. ಗ್ರಹಗಳು ಸೂರ್ಯನಿಂದ ದೂರ ಹೋದಷ್ಟೂ ನಿಧಾನವಾಗುತ್ತವೆ. ಗೆಲಾಕ್ಸಿಯ ಅನಿಲ ಹಾಗಲ್ಲ. ಕೇಂದ್ರದಿಂದ ಎಷ್ಟು ದೂರ ಹೋದರೂ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಹಾಗಾಗಿ ಒಂದೊಂದು ಬದಿಯಲ್ಲೂ ಬಹುಪಾಲು ಅನಿಲ ತುದಿಯ ವೇಗದ ಹತ್ತಿರವೇ ಬಂದು ಗುಂಪಾಗುತ್ತೆ. ಅದೇ ಆ ಎರಡು ಕೊಂಬು. ನಕ್ಷತ್ರಗಳ ಬೆಳಕು ಮುಗಿದಮೇಲೂ ಜಲಜನಕ ಎರಡು ಪಟ್ಟು ದೂರದವರೆಗೆ ಹರಡಿರುತ್ತೆ. ಅಷ್ಟು ಹೊರಗೂ ವೇಗ ಕುಗ್ಗುತ್ತಿಲ್ಲ ಅಂದರೆ, ಕಣ್ಣಿಗೆ ಕಾಣದ ದ್ರವ್ಯ ಏನೋ ಎಳೆದು ಹಿಡಿದಿರಬೇಕು. ವೆರಾ ರೂಬಿನ್ ಬೆಳಕಿನಲ್ಲಿ ಕಂಡದ್ದನ್ನು 1978ರಲ್ಲಿ ಆಲ್ಬರ್ಟ್ ಬೋಸ್ಮಾ 21 ಸೆಂಟಿಮೀಟರಿನಲ್ಲಿ ಹಲವು ಗೆಲಾಕ್ಸಿಗಳ ಹೊರ ಅಂಚಿನವರೆಗೂ ತೋರಿಸಿದರು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚಂದಾ ಜೋಗ್ ಅವರು ಇದೇ ಅನಿಲದ ಪದರ ಅಂಚಿನಲ್ಲಿ ಹೇಗೆ ದಪ್ಪವಾಗುತ್ತೆ, ತಟ್ಟೆ ಯಾಕೆ ಒಂದು ಕಡೆಗೆ ವಾಲಿಕೊಳ್ಳುತ್ತೆ ಅಂತ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕಾಣದ ದ್ರವ್ಯ ಯಾವ ಆಕಾರದಲ್ಲಿ ಹರಡಿದೆ ಅನ್ನೋ ಸುಳಿವು ಅದರಿಂದ ಸಿಗುತ್ತೆ.

— ಹಾಗಾದರೆ ಈ ಒಂದು ಗ್ರಾಫಿನಿಂದ ವೇಗ ಸಿಕ್ಕಿತು. ಮತ್ತೇನು?

— ನಡುಬಿಂದುವಿನಿಂದ ಗೆಲಾಕ್ಸಿ ನಮ್ಮಿಂದ ಎಷ್ಟು ವೇಗವಾಗಿ ದೂರ ಹೋಗುತ್ತಿದೆ ಅಂತ, ಅದರಿಂದ ದೂರ. ಗ್ರಾಫಿನ ಕೆಳಗಿನ ವಿಸ್ತೀರ್ಣದಿಂದ ಜಲಜನಕದ ತೂಕ. ಆ ತೂಕವೇ ನನ್ನ ಪ್ರಶ್ನೆಗೆ ಮುಖ್ಯ.

— ಸರಿ, ಆಕಾಶಗಂಗೆಗೆ 800 ಕೋಟಿ ಸೂರ್ಯರಷ್ಟು ಅಂದೆ. ಖರ್ಚು ಎಷ್ಟು?

— ವರ್ಷಕ್ಕೆ ಸುಮಾರು ಎರಡು ಸೂರ್ಯರಷ್ಟು ಅನಿಲ ನಕ್ಷತ್ರವಾಗುತ್ತೆ.

— ಅಂದರೆ 400 ಕೋಟಿ ವರ್ಷಕ್ಕೆ ದಾಸ್ತಾನು ಖಾಲಿ.

— ಈಗ ಹಿಂದಕ್ಕೆ ಲೆಕ್ಕ ಹಾಕಿ. ಆಕಾಶಗಂಗೆ 1000 ಕೋಟಿ ವರ್ಷಕ್ಕೂ ಮೇಲೆ ನಕ್ಷತ್ರ ಮಾಡುತ್ತಾ ಬಂದಿದೆ. ಅದರ ನಕ್ಷತ್ರಗಳ ಒಟ್ಟು ತೂಕ ಸುಮಾರು 5000 ಕೋಟಿ ಸೂರ್ಯರಷ್ಟು. ಈಗಿರೋ ದಾಸ್ತಾನಿನ ಆರು ಪಟ್ಟಿಗೂ ಹೆಚ್ಚು ಆಗಲೇ ಬಳಸಿಬಿಟ್ಟಿದೆ. ಸಾಯೋ ನಕ್ಷತ್ರಗಳು ಒಂದಿಷ್ಟು ಅನಿಲ ವಾಪಸು ಕೊಡುತ್ತವೆ, ಆದರೂ ಲೆಕ್ಕ ಸರಿಹೋಗೋದಿಲ್ಲ. ಬೇಸಿಗೆಯಲ್ಲಿ ಪೇಪರಿನಲ್ಲಿ ಕನ್ನಂಬಾಡಿ ಕಟ್ಟೆಯ ಮಟ್ಟ ಓದುತ್ತೀರಲ್ಲ. ಮಟ್ಟದ ಪಕ್ಕದಲ್ಲೇ ಒಳಹರಿವು, ಹೊರಹರಿವು ಅಂತ ಎರಡು ಅಂಕಿ ಇರುತ್ತವೆ. 124.80 ಅಡಿ ತುಂಬಿದ್ದರೂ ಒಳಹರಿವು ನಿಂತರೆ ಎಷ್ಟು ದಿನ? ಗೆಲಾಕ್ಸಿಯ ವಿಷಯದಲ್ಲಿ ನಾವು ಮಟ್ಟ ಅಳೆಯೋದನ್ನು ಕಲಿತಿದ್ದೀವಿ, ಹೊರಹರಿವನ್ನೂ ಅಳೆಯುತ್ತೀವಿ. ಒಳಹರಿವು ಎಲ್ಲಿಂದ, ಎಷ್ಟು ಅನ್ನೋದೇ ಇವತ್ತಿನ ದೊಡ್ಡ ಪ್ರಶ್ನೆ.

— ಕಾಣೋದಿಲ್ಲವಾ ಒಳಗೆ ಬರೋ ಅನಿಲ?

— ಸ್ವಲ್ಪ ಕಾಣುತ್ತೆ. ನಮ್ಮ ಗೆಲಾಕ್ಸಿಯ ಮೇಲೆ ಬೀಳುತ್ತಿರೋ ಜಲಜನಕದ ಮೋಡಗಳಿವೆ. ಸ್ಮಿತ್ ಮೋಡ ಅಂತ ಒಂದಿದೆ, 1963ರಲ್ಲಿ ಗೇಲ್ ಸ್ಮಿತ್ ಗುರುತಿಸಿದ್ದು. ಹತ್ತು ಲಕ್ಷ ಸೂರ್ಯರಿಗೂ ಹೆಚ್ಚು ತೂಕ. ಸುಮಾರು ಮೂರು ಕೋಟಿ ವರ್ಷದಲ್ಲಿ ನಮ್ಮ ತಟ್ಟೆಗೆ ಬಂದು ಅಪ್ಪಳಿಸುತ್ತೆ. ಆದರೆ ಹತ್ತಿರದ ಸುರುಳಿ ಗೆಲಾಕ್ಸಿಗಳಲ್ಲಿ ಪರಮಾಣು ರೂಪದಲ್ಲಿ ಒಳಗೆ ಬೀಳೋದು ಕಾಣುತ್ತಿರೋದೆಲ್ಲ ಸೇರಿಸಿದರೂ ವರ್ಷಕ್ಕೆ ಸೂರ್ಯನ ಐದನೇ ಒಂದು ಭಾಗದಷ್ಟು ಮಾತ್ರ ಅಂತ ಅಂದಾಜು. ಬೇಕಾದದ್ದು ಅದರ ಎಷ್ಟೋ ಪಟ್ಟು. ಉಳಿದದ್ದು ಬಹುಶಃ ಬಿಸಿಯಾಗಿ, ಪರಮಾಣುವಿನಿಂದ ಎಲೆಕ್ಟ್ರಾನ್ ಕಳಚಿದ ಸ್ಥಿತಿಯಲ್ಲಿ ಗೆಲಾಕ್ಸಿಯ ಸುತ್ತ ಇದ್ದು, ತಣ್ಣಗಾಗುತ್ತಾ ಇಳಿಯುತ್ತಿರಬೇಕು. ಆ ಸ್ಥಿತಿಯಲ್ಲಿ ಅದು 21 ಸೆಂಟಿಮೀಟರಿನಲ್ಲಿ ಮಾತಾಡೋದಿಲ್ಲ.

— ಒಳಹರಿವು ನಿಂತುಹೋದ ಗೆಲಾಕ್ಸಿ ಇದೆಯಾ?

— ಬೇಕಾದಷ್ಟು. ಕನ್ಯಾ ರಾಶಿಯ ದಿಕ್ಕಿನಲ್ಲಿ ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳ ದೊಡ್ಡ ಗುಂಪಿದೆ. ಅದರ ನಡುವೆ ಕೋಟ್ಯಂತರ ಡಿಗ್ರಿಯ ಬಿಸಿ ಅನಿಲ ತುಂಬಿದೆ. ಅದರೊಳಗೆ ನುಗ್ಗೋ ಸುರುಳಿ ಗೆಲಾಕ್ಸಿಯ ಜಲಜನಕವನ್ನು ಆ ಒತ್ತಡ ಹಿಂದಕ್ಕೆ ತಳ್ಳಿ ಕಿತ್ತುಹಾಕುತ್ತೆ. ಹೀಗಾಗುತ್ತೆ ಅಂತ 1972ರಲ್ಲಿ ಗನ್ ಮತ್ತು ಗಾಟ್ ಲೆಕ್ಕ ಹಾಕಿ ಹೇಳಿದ್ದರು. ಈಗ ರೇಡಿಯೋ ನಕ್ಷೆಗಳಲ್ಲಿ ನಕ್ಷತ್ರಗಳ ತಟ್ಟೆ ನೆಟ್ಟಗಿದ್ದು, ಅನಿಲ ಮಾತ್ರ ಒಂದು ಕಡೆಗೆ ಬಾಲದಂತೆ ಎಳೆದುಕೊಂಡು ಹೋಗಿರೋದು ಸ್ಪಷ್ಟವಾಗಿ ಕಾಣುತ್ತೆ. ಸಣ್ಣ ಗುಂಪುಗಳಲ್ಲಿ ಏನಾಗುತ್ತೆ ಅಂತ ನೋಡಿದವರು ರಾಮನ್ ಸಂಸ್ಥೆಯ ಒಮರ್ ಮತ್ತು ಕೆ.ಎಸ್. ದ್ವಾರಕಾನಾಥ್. ಎರಿಡಾನಸ್ ಗುಂಪನ್ನು ಜಿ.ಎಂ.ಆರ್.ಟಿ. ರೇಡಿಯೋ ದೂರದರ್ಶಕದಲ್ಲಿ ಗಮನಿಸಿ 2005ರಲ್ಲಿ ಬರೆದರು. ಅಲ್ಲಿ ಬಿಸಿ ಅನಿಲದ ಒತ್ತಡ ಅಷ್ಟಿಲ್ಲ. ಗೆಲಾಕ್ಸಿಗಳು ಒಂದರ ಪಕ್ಕ ಒಂದು ಹಾದುಹೋಗುವಾಗಿನ ಸೆಳೆತದಿಂದಲೇ ಜಲಜನಕ ಕಡಿಮೆಯಾಗಿದೆ ಅನ್ನೋದು ಅವರ ತೀರ್ಮಾನ.

— ಜಿ.ಎಂ.ಆರ್.ಟಿ. ಅಂದರೆ ಪುಣೆ ಹತ್ತಿರದ್ದು.

— ಖೋಡದ್ ಹಳ್ಳಿ, ನಾರಾಯಣಗಾಂವ್ ಪಕ್ಕ. 45 ಮೀಟರಿನ 30 ಆಂಟೆನಾಗಳು, 25 ಕಿಲೋಮೀಟರ್ ಹರಡಿಕೊಂಡಿವೆ. ಗೋವಿಂದ ಸ್ವರೂಪ್ ಕಟ್ಟಿಸಿದ್ದು. ಘನವಾದ ಡಿಶ್ ಮಾಡೋ ಬದಲು, ಸ್ಟೀಲ್ ತಂತಿಯ ಹಗ್ಗಗಳನ್ನು ಬಿಗಿದು, ಅದರ ಮೇಲೆ ತೆಳ್ಳನೆ ತಂತಿಬಲೆ ಎಳೆದು ಕಟ್ಟಿದ್ದಾರೆ. ಗಾಳಿ ಬಲೆಯ ಮೂಲಕ ಹಾದುಹೋಗುತ್ತೆ, ತೂಕ ಕಡಿಮೆ, ಖರ್ಚೂ ಕಡಿಮೆ. ಡಿಶ್ ಒಟ್ಟುಮಾಡಿದ ಅಲೆಯನ್ನು ಹಿಡಿಯೋ 1420 ಮೆಗಾಹರ್ಟ್ಸ್ ಫೀಡ್ ಇದೆಯಲ್ಲ, ಅದನ್ನು ಮಾಡಿಕೊಟ್ಟದ್ದು ಬೆಂಗಳೂರಿನ ರಾಮನ್ ಸಂಸ್ಥೆ.

— ಫೀಡ್ ಸರಿಯಿಲ್ಲದಿದ್ದರೆ ಎಷ್ಟು ದೊಡ್ಡ ಡಿಶ್ ಇದ್ದೂ ಪ್ರಯೋಜನವಿಲ್ಲ. ಅದನ್ನು ಹೇಳಿದೆಯಲ್ಲ, ಸಂತೋಷ.

— ಅದೇ ದೂರದರ್ಶಕದಿಂದ 2020ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಕೆಲಸ ಹೇಳಬೇಕು. ಆದಿತ್ಯ ಚೌಧುರಿ, ನಿಸ್ಸೀಮ್ ಕಾನೇಕರ್, ಜಯರಾಮ್ ಚೆಂಗಲೂರು ಪುಣೆಯವರು. ಶಿವ್ ಸೇಠಿ ಮತ್ತು ದ್ವಾರಕಾನಾಥ್ ನಮ್ಮ ಬೆಂಗಳೂರಿನ ರಾಮನ್ ಸಂಸ್ಥೆಯವರು. ಅವರಿಗೆ ಬೇಕಾಗಿದ್ದು 800 ಕೋಟಿ ವರ್ಷ ಹಿಂದಿನ ಗೆಲಾಕ್ಸಿಗಳ ಜಲಜನಕ. ಅಷ್ಟು ದೂರದಿಂದ ಬರುವಾಗ ವಿಶ್ವ ಹಿಗ್ಗಿ, ಅಲೆಯೂ ಹಿಗ್ಗಿ, 1420 ಇದ್ದದ್ದು 710 ಮೆಗಾಹರ್ಟ್ಸ್ ಆಸುಪಾಸಿಗೆ ಇಳಿದಿರುತ್ತೆ. ಒಂದೊಂದು ಗೆಲಾಕ್ಸಿಯ ಸಿಗ್ನಲ್ ಸದ್ದಿನಲ್ಲಿ ಮುಳುಗಿಹೋಗುತ್ತೆ, ಬಿಡಿಯಾಗಿ ಸಿಗೋದಿಲ್ಲ.

— ಆಗ ಕೂಡಿಸಬೇಕು. ಸಿಗ್ನಲ್ ಕೂಡುತ್ತಾ ಹೋಗುತ್ತೆ, ಗದ್ದಲ ವರ್ಗಮೂಲದಷ್ಟೇ ಬೆಳೆಯುತ್ತೆ.

— ಅದನ್ನೇ ಮಾಡಿದರು. ಬೆಳಕಿನ ಸಮೀಕ್ಷೆಯಿಂದ ದೂರ ಗೊತ್ತಿದ್ದ 7653 ಗೆಲಾಕ್ಸಿಗಳನ್ನು ತೆಗೆದುಕೊಂಡು, ಪ್ರತಿಯೊಂದರ ಜಲಜನಕ ಯಾವ ಫ್ರೀಕ್ವೆನ್ಸಿಯಲ್ಲಿ ಬರಬೇಕೋ ಅಲ್ಲಿ ಸಾಲಾಗಿ ಜೋಡಿಸಿ ಕೂಡಿಸಿದರು.

— 7653ರ ವರ್ಗಮೂಲ 87. ಅಷ್ಟು ಪಟ್ಟು ಲಾಭ.

— ಸಿಗ್ನಲ್ ಎದ್ದು ನಿಂತಿತು. ಆ ಕಾಲದ ಗೆಲಾಕ್ಸಿಗಳಲ್ಲಿ ಜಲಜನಕ ಬಹಳವೇ ಇತ್ತು. ಆದರೆ ಅವು ನಕ್ಷತ್ರ ಮಾಡೋ ವೇಗವೂ ತುಂಬ ಹೆಚ್ಚಾಗಿತ್ತು. ಆ ವೇಗದಲ್ಲಿ ಹೋದರೆ ಇದ್ದ ಪರಮಾಣು ಜಲಜನಕ 100ರಿಂದ 200 ಕೋಟಿ ವರ್ಷಕ್ಕೆ ಮುಗಿಯುತ್ತಿತ್ತು. ಈಗ ಇದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿ. ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಸುಮಾರು 1000 ಕೋಟಿ ವರ್ಷದ ಹಿಂದೆ ಶಿಖರಕ್ಕೆ ಹೋಗಿ, ಈಗ ಅದರ ಹತ್ತನೇ ಒಂದು ಭಾಗಕ್ಕೆ ಇಳಿದಿದೆ. ಯಾಕೆ ಇಳಿಯಿತು ಅನ್ನೋದಕ್ಕೆ ಎಷ್ಟೋ ವಾದಗಳಿದ್ದವು. ಗೆಲಾಕ್ಸಿಗಳು ಬಳಸಿದಷ್ಟು ವೇಗವಾಗಿ ಹೊರಗಿನಿಂದ ಅನಿಲ ಬರಲಿಲ್ಲ, ಅದಕ್ಕೇ ಇಳಿಯಿತು ಅನ್ನೋದಕ್ಕೆ ಈಗ ಅಳತೆಯ ಆಧಾರ ಸಿಕ್ಕಿದೆ.

— ಕೂಡಿಸಿದ್ದು ಸರಾಸರಿ ಹೇಳುತ್ತೆ, ಒಂದೊಂದರ ಕಥೆ ಹೇಳೋದಿಲ್ಲ.

— ನಿಜ, ಅದು ಈ ವಿಧಾನದ ಮಿತಿ. ಒಂದೇ ಗೆಲಾಕ್ಸಿಯನ್ನು ಹಿಡಿಯೋ ಪ್ರಯತ್ನವೂ ಆಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಮತ್ತು ಮೆಕ್‌ಗಿಲ್ ವಿಶ್ವವಿದ್ಯಾಲಯದ ಅರ್ಣಬ್ ಚಕ್ರವರ್ತಿ, ಜಿ.ಎಂ.ಆರ್.ಟಿ. ದತ್ತಾಂಶದಲ್ಲಿ 880 ಕೋಟಿ ವರ್ಷ ಹಿಂದಿನ ಒಂದು ಗೆಲಾಕ್ಸಿಯ ಸಿಗ್ನಲ್ ಕಂಡಿತು ಅಂತ 2023ರಲ್ಲಿ ವರದಿ ಮಾಡಿದರು. ನಡುವೆ ಇದ್ದ ಇನ್ನೊಂದು ಗೆಲಾಕ್ಸಿಯ ಗುರುತ್ವ ಆ ಸಿಗ್ನಲನ್ನು 30 ಪಟ್ಟು ಹಿಗ್ಗಿಸಿತ್ತು. ಹೊರಟಾಗ 21 ಸೆಂಟಿಮೀಟರ್ ಇದ್ದ ಅಲೆ ಇಲ್ಲಿಗೆ ಬರುವಾಗ 48 ಆಗಿತ್ತು. ಆ ಗೆಲಾಕ್ಸಿಯ ಜಲಜನಕ ಅದರ ನಕ್ಷತ್ರಗಳ ತೂಕದ ಹತ್ತಿರ ಹತ್ತಿರ ಎರಡರಷ್ಟು ಅಂತ ಅವರ ಲೆಕ್ಕ. ನನ್ನ ಅಭಿಪ್ರಾಯ ಕೇಳಿದರೆ, ಇಂಥದ್ದನ್ನು ಬೇರೆ ದೂರದರ್ಶಕಗಳಲ್ಲಿ ಮತ್ತೆ ನೋಡಲೇಬೇಕು. ಒಂದರ ಮೇಲೆ ಕಟ್ಟಡ ಕಟ್ಟೋದಕ್ಕೆ ಆಗೋದಿಲ್ಲ.

— ನಿಮಗೆ ದೊಡ್ಡ ಶತ್ರು ನಾವೇ ಅನ್ನು. ಎಫ್‌.ಎಂ., ಮೊಬೈಲ್, ಸ್ಯಾಟಲೈಟ್.

— 1400ರಿಂದ 1427 ಮೆಗಾಹರ್ಟ್ಸ್‌ವರೆಗೆ ಯಾರೂ ಪ್ರಸಾರ ಮಾಡಬಾರದು ಅಂತ ಅಂತರರಾಷ್ಟ್ರೀಯ ನಿಯಮ ಇದೆ. ಅದು ಹತ್ತಿರದ ಜಲಜನಕಕ್ಕೆ ಸಾಕು. ಹಳೆಯ ಕಾಲದ್ದು ಕೆಳಗಿನ ಫ್ರೀಕ್ವೆನ್ಸಿಗೆ ಜಾರಿರುತ್ತೆ, ಅಲ್ಲಿ ರಕ್ಷಣೆ ಇಲ್ಲ. ಇನ್ನೂ ಹಿಂದಕ್ಕೆ, ಮೊದಲ ನಕ್ಷತ್ರಗಳ ಕಾಲಕ್ಕೆ ಹೋದರೆ ನಿಮ್ಮ ಎಫ್‌.ಎಂ. ಬ್ಯಾಂಡಿನ ಕೆಳಕ್ಕೇ ಬರುತ್ತೆ. ರಾಮನ್ ಸಂಸ್ಥೆಯವರು ‘ಸರಸ್’ ಅನ್ನೋ ಆಂಟೆನಾ ಮಾಡಿದ್ದಾರೆ. 2020ರ ಮೊದಲಲ್ಲಿ ದಂಡಿಗನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ತೆಪ್ಪದ ಮೇಲೆ ತೇಲಿಬಿಟ್ಟು ಅಳೆದರು.

— ನೀರಿನ ಮೇಲೆ ಯಾಕೆ?

— ನೆಲದಡಿಯಲ್ಲಿ ಒಂದೊಂದು ಪದರ ಒಂದೊಂದು ತರ. ಅವುಗಳಿಂದ ಬರೋ ಪ್ರತಿಫಲನ ಸಿಗ್ನಲನ್ನು ಕೆಡಿಸುತ್ತೆ. ನೀರು ಎಲ್ಲ ಕಡೆ ಒಂದೇ ತರ. ಅಮೆರಿಕದ ತಂಡವೊಂದು 2018ರಲ್ಲಿ ಮೊದಲ ನಕ್ಷತ್ರಗಳ ಕಾಲದ ಸಿಗ್ನಲ್ ಸಿಕ್ಕಿತು ಅಂದಿತ್ತು. ಸರಸ್ 2022ರಲ್ಲಿ, ಆ ಆಕಾರದ ಸಿಗ್ನಲ್ ಆಕಾಶದಲ್ಲಿಲ್ಲ ಅಂತ ಹೇಳಿತು. ದೊಡ್ಡ ದೂರದರ್ಶಕ ಇಲ್ಲದೆ, ಒಂದು ಆಂಟೆನಾ, ಒಂದು ತೆಪ್ಪ, ಶ್ರದ್ಧೆಯ ಎಲೆಕ್ಟ್ರಾನಿಕ್ಸ್. ನನಗೆ ಆ ಕೆಲಸದ ಮೇಲೆ ತುಂಬ ಗೌರವ.

— ಇಷ್ಟೆಲ್ಲ ಕೇಳಿದಮೇಲೆ ನನಗೊಂದು ಆಸೆ. ಈ ತಾರಸಿಯಿಂದ 1420 ಹಿಡಿಯೋದಕ್ಕೆ ಆಗುತ್ತಾ? ನಮ್ಮದೇ ಆಕಾಶಗಂಗೆ ಸಾಕು.

— ಖಂಡಿತ ಆಗುತ್ತೆ. ರಟ್ಟಿನ ಹಾರ್ನ್ ಮಾಡಿ, ಒಳಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ಒಂದು ಒಳ್ಳೆ ಲೋ ನಾಯ್ಸ್ ಆಂಪ್ಲಿಫೈಯರ್, ಒಂದು ಫಿಲ್ಟರ್, ರಿಸೀವರ್ ಆಗಿ ಲ್ಯಾಪ್‌ಟಾಪಿಗೆ ಚುಚ್ಚೋ ಸಣ್ಣ ಎಸ್.ಡಿ.ಆರ್. ಡಾಂಗಲ್. ಎಷ್ಟೋ ಕಡೆ ವಿದ್ಯಾರ್ಥಿಗಳು ಇಷ್ಟರಲ್ಲೇ ಮಾಡಿದ್ದಾರೆ. ಹಾರ್ನನ್ನು ಆಕಾಶಗಂಗೆಯ ಪಟ್ಟಿಯ ಉದ್ದಕ್ಕೂ ತಿರುಗಿಸುತ್ತಾ ಹೋದರೆ ಆ ಏರು ಎಡಕ್ಕೆ ಬಲಕ್ಕೆ ಸರಿಯೋದು ಕಾಣುತ್ತೆ. ನಮ್ಮ ಗೆಲಾಕ್ಸಿ ತಿರುಗುತ್ತಿದೆ ಅನ್ನೋದನ್ನು ಪುಸ್ತಕ ಮುಟ್ಟದೆ ಅಳೆದ ಹಾಗೆ.

— ಆಂಪ್ಲಿಫೈಯರ್, ಫಿಲ್ಟರ್ ನನಗೆ ಬಿಡು. ಹಾರ್ನಿನ ಅಳತೆ ಬರೆದುಕೊಡು.

— ನಾವಿಬ್ಬರೇ ಮಾಡಿದರೆ ಸಾಲದು ದೊಡ್ಡಪ್ಪ. ಮೈಸೂರಿನಲ್ಲಿ ಇಷ್ಟು ಕಾಲೇಜುಗಳಿವೆ, ಎಂಜಿನಿಯರಿಂಗ್ ಹುಡುಗರಿದ್ದಾರೆ, ನಿಮ್ಮಂಥ ನಿವೃತ್ತ ರೇಡಿಯೋದವರಿದ್ದಾರೆ. ಒಂದೊಂದು ಕಾಲೇಜಿನ ಮಹಡಿಯ ಮೇಲೂ ಇಂಥದ್ದೊಂದು ಹಾರ್ನ್ ಇರಬೇಕು. ಬಿ.ಎಸ್ಸಿ. ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಓದುತ್ತಿರುವವರು ತಮ್ಮ ಮೇಷ್ಟ್ರನ್ನು ಕೇಳಲಿ.